ಸಂತಿ ನೋಡಿ ಬಿತ್ರಿ

ಹಿರಿಯರಿಗೂ ಅಕ್ಕ-ತಂಗ್ಯಾರಿಗೂ ಶರಣ್ರಿ. ಇಲ್ಲಿ ಕುಂತವ್ರು ಬಹಳಷ್ಟ ಮಂದಿ ಎಕರೆ, ಎರಡೆಕರೆ ಇದ್ದವ್ರು, ಅದಕ್ಕ ನಾ ದೊಡ್ಡ ಹಿಡುವಳಿ ಮಾತ ಎತ್ತೂದಿಲ್ಲ. ನೇರ ಗಿರಾಕಿಗೆ ಮಾರಬೇಕಂದ್ರ ಮಾರೂ ವಿಚಾರ ಬಿತ್ತೂ ಮುಂದನ ಮಾಡ್ಬೇಕ್ರಿ, ಇದೊಂದ ಹೇಳಾಕ ಬಂದೀನಿ.

ಈಗ ಏನ್ ಆಗಾಕತ್ತೈತಿ ನೋಡ್ರಿ. ಇಡೀ ಹೊಲಕ್ಕ ಒಂದ ದಿನ ಕೋಸು ಹಚ್ತೀವಿ, ಎಲ್ಲಾ ಕೂಡೇ ಕಟಾವಿಗೆ ಬರ್ತೈತಿ, ಟೆಂಪೋ ತುಂಬಿ ಬೆಳಗಾವಿ ಮಾರ್ಕೆಟ್ಟಿಗೆ ಒಯ್ತೀವಿ, ಅವತ್ತ ಎಷ್ಟ ಮಾಲ್ ಬಂದೈತಿ, ಗೋವಾ ಗಾಡಿಯವ್ರು ಎಷ್ಟ ಎತ್ತತಾರ, ಅದರ ಮ್ಯಾಲ ರೇಟ್. ದಲಾಲಿ, ಹಮಾಲಿ, ಬಾಡಿಗಿ ಹೋಗಿ ಉಳದದ್ದ ನಮ್ಮದು.

ಸಂತ್ಯಾಗ ಲೆಕ್ಕನ ಬ್ಯಾರೆ. ಅಲ್ಲಿ ಬರೂ ಅವ್ವಗ ಒಂದ ಮನಿಗೆ ಒಂದ ವಾರದ ಕಾಯಿಪಲ್ಯ ಬೇಕು, ನಿಮ್ಮ ಕಡೆ ಬರೇ ಕೋಸು ಇದ್ರ ಆಕಿ ಒಂದ ಗಡ್ಡಿ ತಗೊಂಡ ಮುಂದ ನಡೀತಾಳ. ಅದಕ್ಕ ಒಂದೈದು ಗುಂಟೆ ತಗದ ಮಡಿ ಮಾಡ್ರಿ, ವಾರಕ್ಕೊಂದ ಮಡಿ ಬಿತ್ರಿ. ಮೆಂತ್ಯೆ 25-30 ದಿನಕ್ಕ ಕೀಳಾಕ ಬರ್ತೈತಿ, ಕೊತಂಬ್ರಿ, ಮೂಲಂಗಿ 40-45 ದಿನ ಹಿಡೀತಾವು. ಬದನಿ, ಮೆಣಸಿನಕಾಯಿ ಹೆಂಗೂ ತಿಂಗಳಗಟ್ಲೆ ಬಿಡ್ತಾವು. ಹಿಂಗ ಮಾಡಿದ್ರ ಪ್ರತಿ ಸಂತಿಗೂ ನಾಕೈದು ಬಗಿ ಇರ್ತೈತಿ, ಗಿರಾಕಿ ನಿಮ್ಮ ಜಾಗಾ ಹುಡುಕ್ಕೊಂಡ ಬರ್ತಾರ.

ಸೊಪ್ಪಿಂದ ಸ್ವಲ್ಪ ನಿಂತ ಹೇಳ್ತೀನಿ, ಬಹಳ ಮಾಲ್ ಕೆಡೂದ ಅದರಾಗ. ಬಿಸಲ ಇಳದ ಮ್ಯಾಲ ಇಲ್ಲಾ ನಸುಕಿನ್ಯಾಗ ಕೀಳ್ರಿ, ಬೇರಿನ ಮಣ್ಣ ಝಾಡಿಸಿ ಪೆಂಡಿ ಸಡ್ಲ ಕಟ್ರಿ, ಬುಟ್ಟ್ಯಾಗ ಬೇರ ಕೆಳಗ ಮಾಡಿ ನಿಂದ್ರಸ್ರಿ, ಮ್ಯಾಲ ಹಸಿ ಗೋಣಿಚೀಲ ಹೊಚ್ರಿ. ಜಾಗಾ ಉಳೀಲಿ ಅಂತ ಒತ್ತಿ ತುಂಬಿದ್ರ ಒಳಗ ಕಾವು ಹುಟ್ಟಿ ಸಂತಿ ಮುಟ್ಟೂದ್ರಾಗ ಎಲಿ ಹಳದಿ ಆಗಿರ್ತೈತಿ. ಬದನಿಕಾಯಿ ತೊಟ್ಟ ಸಮೇತ ಕೊಯ್ರಿ, ಹಸರ ತೊಟ್ಟ ನೋಡೇ ಗಿರಾಕಿ ಕೈ ಹಾಕ್ತಾರ.

ಇನ್ನ ರೇಟು. ಸಂತ್ಯಾಗ ದಿನಾ ಪೂರ್ತಿ ಕುಂತ ಮಾರೂ ಹೆಣ್ಣಮಕ್ಕಳ ದುಡಿಮಿ ಯಾರೂ ಲೆಕ್ಕಕ್ಕ ಹಿಡಿಯೂದಿಲ್ಲ, ನನಗ ಬಹಳ ಸಂಕಟ ಆಗೂದ ಇದಕ್ಕ. ಬೀಜ-ಗೊಬ್ಬರದ ಸಂಗಟ ಆಕಿ ಪಗಾರಾನೂ ಬರ್ದ ನೋಡ್ರಿ, ಆಮ್ಯಾಲ ರೇಟ್ ಇಡ್ರಿ. ಸಂಜಿಮುಂದ ಉಳದ್ರ ರೇಟ್ ಇಳಸಬ್ಯಾಡ್ರಿ, ಮುಂದಿನ ವಾರ ಎಲ್ಲಾರೂ ಸಂಜಿಗೇ ಬರ್ತಾರ, ಅದರ ಬದ್ಲಿ ಒಂದ ಪೆಂಡಿ ಹೆಚ್ಚಿಗಿ ಹಾಕಿ ಕೊಡ್ರಿ.

ಜಾಗಾದ ತಕರಾರ ಅಂತೂ ಎಲ್ಲಾರಿಗೂ ಗೊತ್ತೈತಿ, ರೈತ ಬರೂದ್ರಾಗ ವ್ಯಾಪಾರಸ್ಥರು ತಾಡಪತ್ರಿ ಹಾಸಿರ್ತಾರ. ಆಂಧ್ರದಾಗ ರೈತು ಬಜಾರ್, ತಮಿಳುನಾಡಿನ್ಯಾಗ ಉಳವರ್ ಸಂದೈ ಅಂತ ರೈತರೇ ಕುಂತ ಮಾರೂ ಸಂತಿ ಅದಾವು, ಎರಡೂ 1999ರಾಗ ಸುರು ಆದವು, ಅಲ್ಲಿ ರೈತರಿಗೆ ಗುರುತಿನ ಚೀಟಿ ಕೊಟ್ಟ ಕುಂದ್ರಸ್ತಾರ. ನಮ್ಮ ಊರ ಸಂತ್ಯಾಗೂ ಒಂದ ಸಾಲು ರೈತರಿಗೇ ಬಿಡ್ರಿ ಅಂತ ಹತ್ತಿಪ್ಪತ್ತ ಮಂದಿ ಕೂಡಿ ಪಂಚಾಯ್ತಿಗೆ ಅರ್ಜಿ ಕೊಡೂಣು. ನಾ ಬರೀತೀನಿ, ಸಹಿ ಮಾಡವ್ರು ಊಟ ಆದಮ್ಯಾಲ ಇಲ್ಲೇ ನಿಂದರ್ರಿ.