ಹಳೆಯ ಫೋರ್ ವೀಲ್ ಡ್ರೈವ್ ಗಾಡಿಗಳ ಮೈಲೇಜು: ಮೊದಲು ಲೆಕ್ಕ, ಆಮೇಲೆ ಸ್ಪ್ಯಾನರು

ಎಲ್ಲರಿಗೂ ನಮಸ್ಕಾರ.

"ನಿಮ್ಮ ಗಾಡಿ ಎಷ್ಟು ಕೊಡುತ್ತೆ?" ಎಂದು ಈಗ ಇಲ್ಲಿ ಕೇಳಿದರೆ ಉತ್ತರಗಳು ಹೇಗಿರುತ್ತವೆ ಎಂಬುದು ಗೊತ್ತಿರುವ ವಿಷಯ. ಎಂಟು, ಹತ್ತು, ಹನ್ನೆರಡು. ಎಲ್ಲವೂ ಗುಂಡಗಿನ ಸಂಖ್ಯೆಗಳು. ಒಂಬತ್ತು ಪಾಯಿಂಟ್ ನಾಲ್ಕು ಅನ್ನುವವರು ಸಿಗುವುದಿಲ್ಲ. ಅಳೆದವರು ಗುಂಡಗಿನ ಸಂಖ್ಯೆ ಹೇಳುವುದು ಅಪರೂಪ, ಅಳೆಯದವರು ಬೇರೇನೂ ಹೇಳುವುದು ಅಪರೂಪ. ಇವತ್ತಿನ ನನ್ನ ವಾದ ಇಷ್ಟೇ: ಹಳೆಯ ಗಾಡಿಯ ಮೈಲೇಜು ಬಿದ್ದಿದೆ ಎಂದು ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸುವ ಕಾರ್ಬುರೇಟರ್ ಬಿಚ್ಚುವ ಮುಂಚೆ, ಬಿದ್ದಿರುವುದು ನಿಜವೇ ಎಂದು ನೋಡಿ. ಅರ್ಧದಷ್ಟು ದೂರುಗಳು ಅಲ್ಲೇ ಮುಗಿಯುತ್ತವೆ. ಉಳಿದ ಅರ್ಧಕ್ಕೆ ಕಾರಣ ಬಹಳ ಸಲ ನೀವು ಬಿಚ್ಚಲು ಹೊರಟ ಜಾಗದಲ್ಲಿ ಇರುವುದಿಲ್ಲ.

ದೂರದಿಂದ ಶುರುಮಾಡೋಣ. ಓಡೋಮೀಟರ್ ಕಿಲೋಮೀಟರ್ ಎಣಿಸುವುದಿಲ್ಲ, ಶಾಫ್ಟಿನ ಸುತ್ತು ಎಣಿಸುತ್ತದೆ. ಒಂದು ಸುತ್ತಿಗೆ ಗಾಡಿ ಎಷ್ಟು ಮುಂದೆ ಹೋಗುತ್ತದೆ ಎಂಬುದನ್ನು ಕಾರ್ಖಾನೆಯಲ್ಲಿ ಹಾಕಿದ್ದ ಟೈರಿನ ಅಳತೆಗೆ ಕಟ್ಟಿಟ್ಟಿರುತ್ತಾರೆ. ಈಗ ಒಬ್ಬ ಮಾಲೀಕರನ್ನು ಕಲ್ಪಿಸಿಕೊಳ್ಳಿ. ಕಲ್ಪಿಸಿಕೊಳ್ಳುವುದೇನೂ ಕಷ್ಟವಿಲ್ಲ, ಹಿಂದಿನ ಸಾಲಿನಲ್ಲಿ ಕೆಲವರು ಆಗಲೇ ನಗುತ್ತಿದ್ದಾರೆ. ಗಾಡಿಗೆ ಇದ್ದದ್ದು 235/75 ಆರ್15 ಟೈರು, ವ್ಯಾಸ ಸುಮಾರು 733 ಮಿಲಿಮೀಟರ್. ಅಂದಕ್ಕೋ ಕೆಸರಿಗೋ 33 ಇಂಚಿನದು ಹಾಕಿಸಿದರು. ಅದು 838 ಮಿಲಿಮೀಟರ್. ಚಕ್ರ ಒಂದು ಸುತ್ತು ಸುತ್ತಿದರೆ ಮೊದಲಿಗಿಂತ ಶೇಕಡಾ 14ರಷ್ಟು ಹೆಚ್ಚು ದೂರ. ಓಡೋಮೀಟರಿಗೆ ಇದನ್ನು ಯಾರು ಹೇಳಬೇಕು? ಅದು 100 ಎಂದು ತೋರಿಸುವಾಗ ಗಾಡಿ 114 ಕಿಲೋಮೀಟರ್ ಓಡಿರುತ್ತದೆ.

ಮೊದಲು ಹತ್ತು ಕೊಡುತ್ತಿದ್ದ ಗಾಡಿ ಈಗ 8.2 ಎಂದು ಲೆಕ್ಕ ಬಂತು. ಮಾಲೀಕರು ಗಾಬರಿಯಾದರು. ಪ್ಲಗ್ ಬದಲಾಯಿತು, ಏರ್ ಫಿಲ್ಟರ್ ಬದಲಾಯಿತು. ಯಾರೋ ಹೇಳಿದರೆಂದು ಕಾರ್ಬುರೇಟರಿನ ಜೆಟ್, ಅಂದರೆ ಪೆಟ್ರೋಲು ಹಾಯುವ ತೂತು, ಸಣ್ಣದು ಹಾಕಿಸಿದರು. ಈಗ ಮಿಶ್ರಣ ತೆಳುವಾಗಿ ಏರುದಾರಿಯಲ್ಲಿ ಗಾಡಿ ಎಳೆಯದು, ಎಳೆಯದ್ದಕ್ಕೆ ಪೆಡಲ್ ಇನ್ನೂ ಒತ್ತಬೇಕು, ಒತ್ತಿದ್ದಕ್ಕೆ ಲೆಕ್ಕ 7.8 ಆಯಿತು. ಆಮೇಲೆ ಕಿಡಿ ಬೇಗ ಹಾರುವಂತೆ ಇಗ್ನಿಷನ್ ಟೈಮಿಂಗ್ ಮುಂದೆ ಮಾಡಿದರು, ಎಂಜಿನ್ ಬಡಿಯತೊಡಗಿತು, ಮತ್ತೆ ಹಿಂದೆ ಮಾಡಿದರು. ಕೊನೆಗೆ ಕಾರ್ಬುರೇಟರನ್ನೇ ಬದಲಿಸುವ ಮಾತು ಬಂತು. ಅಲ್ಲಿ ತಡೆದು ಒಂದು ಗುಣಾಕಾರ ಮಾಡಿದ್ದರೆ? 8.2 ಗುಣಿಸು 1.14, ಅಂದರೆ 9.3. ನಿಜವಾಗಿ ಹೋದದ್ದು ಲೀಟರಿಗೆ ಮುಕ್ಕಾಲು ಕಿಲೋಮೀಟರ್ ಕೂಡ ಇಲ್ಲ. ಅದಕ್ಕೆ ಕಾರಣ ಭಾರದ ಟೈರು, ದಪ್ಪ ಬ್ಲಾಕಿನ ಟ್ರೆಡ್ಡು. ಕಾರ್ಬುರೇಟರಿನ ತಪ್ಪು ಏನೇನೂ ಇರಲಿಲ್ಲ, ಅದರ ಮೇಲೆ ಕೈಹಾಕುವವರೆಗೆ.

ಟೈರಿನ ಬದಿಯಲ್ಲಿ ಬರೆದ ಅಳತೆಯನ್ನು ಪೂರ್ತಿ ನಂಬಬೇಡಿ. ಸರಿಯಾಗಿ ಗಾಳಿ ಹೊಡೆಸಿ, ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಮಟ್ಟಸ ನೆಲದ ಮೇಲೆ ಗಾಡಿಯನ್ನು ನೇರವಾಗಿ ಐದು ಸುತ್ತು ತಳ್ಳಿ ಟೇಪಿನಲ್ಲಿ ಅಳೆಯಿರಿ. ಐದರಿಂದ ಭಾಗಿಸಿ. ಹಳೆಯ ಅಳತೆಯ ಟೈರಿಗೂ ಹೀಗೇ ಮಾಡಿ, ಎರಡರ ಅನುಪಾತವೇ ನಿಮ್ಮ ಗುಣಕ. ಬೇಡವೆಂದರೆ ಜಿಪಿಎಸ್ ಇಟ್ಟುಕೊಂಡು 50 ಕಿಲೋಮೀಟರ್ ಓಡಿಸಿ ಹೋಲಿಸಿ. ಟೈರು ಬದಲಿಸಿದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು. ಅದೇ ಅಳತೆಯ ಟೈರೇ ಆದರೂ ಸವೆದದ್ದಕ್ಕೂ ಹೊಸದಕ್ಕೂ ಶೇಕಡಾ ಎರಡರಷ್ಟು ವ್ಯತ್ಯಾಸ ಬರಬಹುದು.

ಇನ್ನು ಲೀಟರ್. ಹಳೆಯ ಗಾಡಿಗಳ ಟ್ಯಾಂಕು ಹೇಗೆ ತುಂಬುತ್ತದೆ ಎಂದು ನಿಮಗೇ ಗೊತ್ತು. ಟ್ಯಾಂಕಿನ ಗಾಳಿ ಹೊರಬಿಡುವ ಬ್ರೀದರ್ ಕೊಳವೆ ಕಟ್ಟಿಕೊಂಡಿದ್ದರೆ ಪಂಪು ಬೇಗ ಕ್ಲಿಕ್ ಅನ್ನುತ್ತದೆ. ಗಾಡಿ ಒಂದು ಕಡೆ ವಾಲಿ ನಿಂತಿದ್ದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಒಂದು ಸಲದ ತುಂಬುವಿಕೆಯಲ್ಲಿ ಎರಡು ಲೀಟರ್ ಹೆಚ್ಚುಕಡಿಮೆ ಆಗುವುದು ಸಾಮಾನ್ಯ. ನೀವು 20 ಲೀಟರ್ ಹಾಕಿಸಿ ಲೆಕ್ಕ ಹಾಕಿದರೆ ಅದು ಶೇಕಡಾ ಹತ್ತರ ತಪ್ಪು. ಆದರೆ ಸಾಲಾಗಿ ತುಂಬಿಸುತ್ತಾ ಹೋಗಿ ಒಟ್ಟು 200 ಲೀಟರಿಗೆ ಲೆಕ್ಕ ಹಾಕಿದರೆ ಮೊದಲ ಮತ್ತು ಕೊನೆಯ ತುಂಬುವಿಕೆಯ ತಪ್ಪು ಮಾತ್ರ ಉಳಿಯುತ್ತದೆ, ಅಂದರೆ ಶೇಕಡಾ ಒಂದು. ನಡುವಿನದೆಲ್ಲ ತಾನಾಗಿ ಸರಿಹೋಗುತ್ತದೆ. ಹಾಗಾಗಿ ಒಂದು ಟ್ಯಾಂಕಿನ ಮೈಲೇಜು ಎಂಬುದಕ್ಕೆ ಅರ್ಥವಿಲ್ಲ. "ಈ ಎಣ್ಣೆ ಹಾಕಿದೆ, ಒಂದೇ ಟ್ಯಾಂಕಿನಲ್ಲಿ ಒಂದು ಕಿಲೋಮೀಟರ್ ಏರಿತು" ಎಂದು ಯಾರಾದರೂ ಹೇಳಿದರೆ ಗಾಡಿ ಯಾವ ಕಡೆ ವಾಲಿತ್ತು ಎಂದು ಕೇಳಿ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕೇ, ಹೇಗೂ ಇವು ಕುಡಿಯುವ ಗಾಡಿಗಳೇ ಅಲ್ಲವೇ ಎನ್ನುವವರಿಗೆ ಒಂದು ಸಣ್ಣ ಲೆಕ್ಕ. ಲೀಟರಿಗೆ 20 ಕೊಡುವ ಕಾರು 21 ಕೊಡತೊಡಗಿದರೆ 1000 ಕಿಲೋಮೀಟರಿಗೆ ಉಳಿಯುವುದು 2.4 ಲೀಟರ್. ಲೀಟರಿಗೆ 6 ಕೊಡುವ ಗಾಡಿ 7 ಕೊಡತೊಡಗಿದರೆ ಉಳಿಯುವುದು 23.8 ಲೀಟರ್. ಅದೇ ಒಂದು ಕಿಲೋಮೀಟರ್, ಹತ್ತು ಪಟ್ಟು ಉಳಿತಾಯ. ಕಡಿಮೆ ಮೈಲೇಜಿನ ಗಾಡಿಯಲ್ಲೇ ಈ ಕೆಲಸಕ್ಕೆ ಬೆಲೆ. ಅದಕ್ಕೇ 100 ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಬರೆದಿಡುವ ಅಭ್ಯಾಸ ಮಾಡಿಕೊಳ್ಳಿ. ಆಗ ಸಂಖ್ಯೆಗಳನ್ನು ನೇರವಾಗಿ ಕೂಡಿಸಿ ಕಳೆಯಬಹುದು.

ಗಾಡಿ ಹೊಸದಿದ್ದಾಗ ಕಂಪನಿ ಹೇಳಿದ್ದ ಸಂಖ್ಯೆಯನ್ನು ಎದೆಗವಚಿಕೊಂಡವರೂ ಇದ್ದಾರೆ. 1980ರ ದಶಕದ ಯುರೋಪಿನ ಕೈಪಿಡಿಗಳಲ್ಲಿ ಅದು ಗಂಟೆಗೆ 90 ಮತ್ತು 120 ಕಿಲೋಮೀಟರಿನ ಸಮವೇಗಕ್ಕೆ, ಜೊತೆಗೆ ನಗರದ ಓಟವನ್ನು ಅನುಕರಿಸುವ ಒಂದು ಪರೀಕ್ಷೆಗೆ ಕೊಟ್ಟ ಸಂಖ್ಯೆ. ಅಮೆರಿಕದಲ್ಲಿ ಪ್ರಯೋಗಾಲಯದ ಸಂಖ್ಯೆ ರಸ್ತೆಗೆ ಹೊಂದುವುದಿಲ್ಲವೆಂದು 1985ರಿಂದ ಸರ್ಕಾರವೇ ನಗರದ ಸಂಖ್ಯೆಯಿಂದ ಶೇಕಡಾ 10, ಹೆದ್ದಾರಿಯದರಿಂದ ಶೇಕಡಾ 22 ಕಡಿತ ಮಾಡಿ ಪ್ರಕಟಿಸತೊಡಗಿತು. ನೀವು ನಿಮ್ಮ ಗಾಡಿಯನ್ನು ಅದರ ಹಿಂದಿನ ಲೆಕ್ಕದ ಜೊತೆ ಹೋಲಿಸಿ, ಕೈಪಿಡಿಯ ಜೊತೆ ಬೇಡ.

ಈಗ ನಿಜವಾಗಿ ಇಂಧನ ಎಲ್ಲಿ ಹೋಗುತ್ತದೆ? ಪ್ರತ್ಯೇಕ ಚೌಕಟ್ಟಿನ ಮೇಲೆ ಮೈ ಕೂರಿಸಿದ, 1900 ಕಿಲೋ ತೂಕದ ಗಾಡಿ ಎಂದಿಟ್ಟುಕೊಳ್ಳಿ. ಎದುರಿನ ವಿಸ್ತೀರ್ಣ 2.8 ಚದರ ಮೀಟರ್, ಗಾಳಿಯ ಎಳೆತದ ಗುಣಾಂಕ 0.5. ಗಂಟೆಗೆ 80ರಲ್ಲಿ ಗಾಳಿ ಹಿಂದಕ್ಕೆ ತಳ್ಳುವ ಬಲ ಸುಮಾರು 415 ನ್ಯೂಟನ್, 100ರಲ್ಲಿ 650, 120ರಲ್ಲಿ 930. ಟೈರಿನ ಉರುಳು ಪ್ರತಿರೋಧ ಮೂರಕ್ಕೂ ಹೆಚ್ಚುಕಡಿಮೆ ಅದೇ 280. ಟ್ಯಾಂಕಿನಲ್ಲಿರುವ ಶಕ್ತಿಯಲ್ಲಿ ಶೇಕಡಾ 30ನ್ನು ಚಕ್ರಕ್ಕೆ ತಲುಪಿಸುವ ಡೀಸೆಲ್ ಎಂಜಿನ್ ಆದರೆ 80ರಲ್ಲಿ ಲೀಟರಿಗೆ 15ರ ಆಸುಪಾಸು, 100ರಲ್ಲಿ ಹನ್ನೊಂದೂವರೆ, 120ರಲ್ಲಿ 9. ಯಾವ ಭಾಗವನ್ನೂ ಬದಲಿಸದೆ, ಬಲಗಾಲೊಂದನ್ನೇ ಬದಲಿಸಿ ಸಿಗುವ ವ್ಯತ್ಯಾಸ ಇದು.

ಮೇಲೆ ಕ್ಯಾರಿಯರ್ ಇದೆಯೇ? 1.2 ಮೀಟರ್ ಅಗಲ, 25 ಸೆಂಟಿಮೀಟರ್ ಎತ್ತರದ ಸಾಮಾನು ಕಟ್ಟಿದರೆ 0.3 ಚದರ ಮೀಟರ್ ಸೇರಿತು. 100ರ ವೇಗದಲ್ಲಿ ಅದರಿಂದ ಸುಮಾರು 70 ನ್ಯೂಟನ್ ಹೆಚ್ಚು. ಮಟ್ಟಸ ರಸ್ತೆಯಲ್ಲಿ ಇಷ್ಟೇ ಪ್ರತಿರೋಧ ಹುಟ್ಟಬೇಕಾದರೆ ಗಾಡಿಯೊಳಗೆ 470 ಕಿಲೋ ಹೇರಬೇಕು. ಸ್ಪೇರ್ ಟೈರನ್ನು ಇಳಿಸಿ, ಟೂಲ್ ಬಾಕ್ಸ್ ಮನೆಯಲ್ಲಿಟ್ಟು ತೂಕ ಇಳಿಸಿದೆ ಎನ್ನುವವರು ಖಾಲಿ ಕ್ಯಾರಿಯರನ್ನು ಮಾತ್ರ ವರ್ಷವಿಡೀ ಹೊತ್ತುಕೊಂಡಿರುತ್ತಾರೆ. ನಿಂತು ಹೊರಡುವ ಊರ ರಸ್ತೆಯಲ್ಲಿ, ಘಾಟಿಯಲ್ಲಿ ತೂಕ ಲೆಕ್ಕಕ್ಕೆ ಬರುತ್ತದೆ, ಒಪ್ಪುತ್ತೇನೆ. ಹೆದ್ದಾರಿಯಲ್ಲಿ ಗಾಳಿಯದೇ ಮೇಲುಗೈ.

ಇನ್ನು ನನಗೆ ತೀರಾ ಸಿಟ್ಟು ಬರಿಸುವ ವಿಷಯ, ಥರ್ಮೋಸ್ಟಾಟ್: ಎಂಜಿನ್ ಕಾಯುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಬಾಗಿಲು. ಎಷ್ಟು ಹಳೆಯ ಗಾಡಿಗಳಲ್ಲಿ ಅದು ಇದ್ದ ಜಾಗ ಖಾಲಿ! ಯಾವುದೋ ಕಾಲದಲ್ಲಿ ಎಂಜಿನ್ ಬಿಸಿಯಾಯಿತು, ಯಾರೋ ಕಿತ್ತು ಬಿಸಾಕಿದರು, "ಬಿಸಿ ನಾಡಿಗೆ ಬೇಡ ಬಿಡಿ" ಅಂದರು. 82 ಅಥವಾ 88 ಡಿಗ್ರಿಗೆ ತೆರೆಯಬೇಕಾದ ಬಾಗಿಲು ಇಲ್ಲದ ಮೇಲೆ ಎಂಜಿನ್ 60ರಲ್ಲೇ ತೆವಳುತ್ತದೆ. ಕಿಟಕಿಗಳನ್ನೆಲ್ಲ ತೆರೆದಿಟ್ಟು ಕೋಣೆಯೊಳಗೆ ಅಗ್ಗಿಷ್ಟಿಕೆ ಉರಿಸಿದ ಹಾಗೆ. ಪೆಟ್ರೋಲ್ ಸರಿಯಾಗಿ ಆವಿಯಾಗದೆ ಸಿಲಿಂಡರ್ ಗೋಡೆಗೆ ಅಂಟಿ ಎಣ್ಣೆಯ ಜೊತೆ ಸೇರುತ್ತದೆ. ತಣ್ಣಗಿನ ಎಂಜಿನ್ನಿಗೆ ಗಾಳಿ ಕಡಿಮೆ ಮಾಡಿ ಪೆಟ್ರೋಲು ಹೆಚ್ಚು ಕೊಡುವ ಆಟೊ ಚೋಕ್ ಇದ್ದರೆ ಅದು ಪೂರ್ತಿ ತೆರೆಯುವುದಿಲ್ಲ. ಇಂಜೆಕ್ಷನ್ ಇರುವ ಗಾಡಿಯಾದರೆ ನೀರಿನ ಸೆನ್ಸರ್ "ಎಂಜಿನ್ ಇನ್ನೂ ತಣ್ಣಗಿದೆ" ಎಂದು ಹೇಳುತ್ತಲೇ ಇರುತ್ತದೆ, ಕಂಪ್ಯೂಟರು ಇಂಧನ ಸುರಿಯುತ್ತಲೇ ಇರುತ್ತದೆ. ಎಣ್ಣೆ ದಪ್ಪಗಿದ್ದು ಎಲ್ಲ ಕಡೆ ಎಳೆತ. ತಮಾಷೆಯೆಂದರೆ, ಬೈಪಾಸ್ ದಾರಿಯನ್ನೂ ಥರ್ಮೋಸ್ಟಾಟೇ ಮುಚ್ಚುವಂಥ ಎಂಜಿನ್‌ಗಳಲ್ಲಿ ಅದನ್ನು ಕಿತ್ತರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ವಾಪಸ್ ಬರುತ್ತದೆ. ಅಂದರೆ ಮಟ್ಟಸ ರಸ್ತೆಯಲ್ಲಿ ತಣ್ಣಗೆ, ಏರಿನಲ್ಲಿ ಕುದಿತ. ಯಾವುದಕ್ಕೆ ಹೆದರಿ ಕಿತ್ತರೋ ಅದೇ ಆಯಿತು.

ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಬೇಡಿ. ಇಪ್ಪತ್ತು ನಿಮಿಷ ಓಡಿಸಿ ಥರ್ಮೋಸ್ಟಾಟ್ ಮನೆಯ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. ಹೊಳೆಯುವ ಅಲ್ಯುಮಿನಿಯಂ ಮೇಲೆ ಅದು ತಪ್ಪು ತೋರಿಸುತ್ತದೆ, ಅಲ್ಲಿ ಕಪ್ಪು ಟೇಪಿನ ಒಂದು ತುಂಡು ಅಂಟಿಸಿ ಅದರ ಮೇಲೆ ಅಳೆಯಿರಿ. ಹೊಸ ಥರ್ಮೋಸ್ಟಾಟ್ ಹಾಕುವ ಮುಂಚೆ ನೀರಿನ ಪಾತ್ರೆಯಲ್ಲಿ ದಾರದಿಂದ ತೂಗುಬಿಟ್ಟು, ತಳಕ್ಕೆ ತಾಗದ ಹಾಗೆ ನೋಡಿಕೊಂಡು, ಕಾಯಿಸಿ, ಎಷ್ಟು ಡಿಗ್ರಿಗೆ ತೆರೆಯಿತು ಎಂದು ನೋಡಿ. ಸ್ಪ್ರಿಂಗಿನ ಕಡೆ ಎಂಜಿನ್ನಿಗೆ, ಗಾಳಿ ಬಿಡುವ ಸಣ್ಣ ತೂತು ಮೇಲಕ್ಕೆ.

ಎರಡನೆಯ ಕಳ್ಳ ಬ್ರೇಕು. ಪ್ರತಿ ಚಕ್ರ ಬರೀ 25 ನ್ಯೂಟನ್ ಹಿಡಿದುಕೊಂಡಿದ್ದರೂ ಒಟ್ಟು 100, ಅಂದರೆ 100 ಕಿಲೋಮೀಟರಿಗೆ ಹತ್ತಿರಹತ್ತಿರ ಒಂದು ಲೀಟರ್ ಡೀಸೆಲ್. ಪೆಡಲಿನಲ್ಲಿ ನಿಮಗೆ ಏನೂ ಗೊತ್ತಾಗುವುದಿಲ್ಲ. ಗೊತ್ತುಮಾಡಿಕೊಳ್ಳಲು ಗಾಳಿಯಿಲ್ಲದ ದಿನ, ವಾಹನಗಳಿಲ್ಲದ ಮಟ್ಟಸ ರಸ್ತೆಯಲ್ಲಿ 65ಕ್ಕೆ ಏರಿಸಿ ನ್ಯೂಟ್ರಲ್ ಮಾಡಿ. ಎಂಜಿನ್ ಆರಿಸಬೇಡಿ, ಆರಿಸಿದರೆ ಪೆಡಲಿಗೆ ಬಲ ಕೂಡಿಸುವ ಬ್ರೇಕ್ ಬೂಸ್ಟರ್ ಕೈಕೊಡುತ್ತದೆ. 60ರಿಂದ 40ಕ್ಕೆ ಇಳಿಯಲು ಎಷ್ಟು ಸೆಕೆಂಡ್ ಎಂದು ಎಣಿಸಿ, ವಾಪಸ್ ಬರುವಾಗಲೂ ಎಣಿಸಿ, ಸರಾಸರಿ ತೆಗೆಯಿರಿ. ನಾನು ಹೇಳಿದ 1900 ಕಿಲೋ ಗಾಡಿಗೆ 22 ಸೆಕೆಂಡ್ ಆಸುಪಾಸು ಬರಬೇಕು. 18ಕ್ಕೆ ಇಳಿದರೆ ಏನೋ ಹಿಡಿದುಕೊಂಡಿದೆ. ಟೈರಿನ ಗಾಳಿ ನೋಡಿ, ಆಮೇಲೆ ಚಕ್ರ ಎತ್ತಿ.

ಹಿಡಿದುಕೊಂಡಿರುವ ಚಕ್ರದಲ್ಲಿ ಬ್ಲೀಡ್ ನಿಪ್ಪಲ್, ಅಂದರೆ ಬ್ರೇಕ್ ಫ್ಲುಯಿಡ್ ಹೊರಬಿಡುವ ತಿರುಪು, ಸಡಿಲಿಸಿ. ಚಕ್ರ ತಟ್ಟನೆ ಬಿಟ್ಟುಕೊಂಡರೆ ಒಳಗೆ ಒತ್ತಡ ಉಳಿದಿತ್ತು ಎಂದರ್ಥ: ಒಂದೋ ಒಳಗೇ ಊದಿಕೊಂಡ ರಬ್ಬರ್ ಹೋಸು, ಇಲ್ಲವೇ ಪೆಡಲಿನ ಪುಶ್ ರಾಡಿಗೆ ಸ್ವಲ್ಪವೂ ಪ್ಲೇ (ಸಡಿಲ) ಇಲ್ಲದೆ ಫ್ಲುಯಿಡ್ ವಾಪಸ್ ಬರುವ ದಾರಿ ಮುಚ್ಚಿಕೊಂಡ ಮಾಸ್ಟರ್ ಸಿಲಿಂಡರ್. ಬಿಟ್ಟುಕೊಳ್ಳದಿದ್ದರೆ ಪಿಸ್ಟನ್ನೋ ಕ್ಯಾಲಿಪರ್ ಪಿನ್ನೋ ಹ್ಯಾಂಡ್‌ಬ್ರೇಕ್ ಕೇಬಲ್ಲೋ ತುಕ್ಕು ಹಿಡಿದಿದೆ. ಬಿಟ್ಟುಕೊಳ್ಳಲಿ ಬಿಡದಿರಲಿ, ನಿಪ್ಪಲ್ ಬಿಗಿದು ಗಾಳಿ ತೆಗೆದು ಫ್ಲುಯಿಡ್ ಮಟ್ಟ ನೋಡದೆ ಗಾಡಿ ಹೊರಗೆ ತೆಗೆಯಬೇಡಿ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಮುಂದಿನ ಚಕ್ರವನ್ನು ಅದರ ಶಾಫ್ಟಿಗೆ ಸೇರಿಸುವ, ಬಿಡಿಸುವ ಹಬ್ಬಿನ ಬಗ್ಗೆಯೇ ಅರ್ಧ ಗಂಟೆ ಇಟ್ಟುಕೊಂಡಿದ್ದೆ, ಈಗ ನಾಲ್ಕು ಮಾತು. ಪಾರ್ಟ್ ಟೈಮ್ ಗಾಡಿಯಲ್ಲಿ, ಅಂದರೆ ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಬಲ ಕೊಡುವಂಥದರಲ್ಲಿ, ಮುಂದಿನ ಹಬ್ ಬಿಡಿಸಿದರೆ ಮುಂದಿನ ಡಿಫರೆನ್ಷಿಯಲ್ಲು (ಎಡ ಬಲ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ), ಶಾಫ್ಟು ಸುಮ್ಮನೆ ಎಣ್ಣೆ ಕಡೆಯುವುದು ನಿಲ್ಲುತ್ತದೆ. ಉಳಿತಾಯ ಸಣ್ಣದು, ದೊಡ್ಡದೇನನ್ನೂ ನಿರೀಕ್ಷಿಸಬೇಡಿ. ತಿಂಗಳಿಗೊಮ್ಮೆ ಹಬ್ ಹಾಕಿ ಒಂದಷ್ಟು ದೂರ ಓಡಿಸಿ, ಮುಂದಿನ ಜಾಯಿಂಟುಗಳಿಗೆ ಎಣ್ಣೆ ಹತ್ತಲಿ. ಆದರೆ ಟಾರು ರಸ್ತೆಯಲ್ಲಿ ಫೋರ್ ಹೈ, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗೇರು, ಹಾಕಿಕೊಂಡು ಓಡಿಸಿದರೆ ನಷ್ಟ ಸಣ್ಣದಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಹೋಗಬೇಕು, ಹೋಗಲು ಬಿಡುವ ಮಧ್ಯದ ಡಿಫರೆನ್ಷಿಯಲ್ ಇಲ್ಲ, ಶಾಫ್ಟುಗಳು ಹುರಿಗೊಂಡು ಟೈರು ಉಜ್ಜುತ್ತದೆ. ಮುಂದೆ ಹೊಸ ಟೈರು ಹಿಂದೆ ಸವೆದದ್ದು ಇದ್ದರೆ ನೇರ ರಸ್ತೆಯಲ್ಲೂ ಇದೇ ಪಾಡು.

ಪೆಟ್ರೋಲ್ ಗಾಡಿಯವರು ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಕೊಳವೆ ಕಿತ್ತು ಬಾಯಲ್ಲಿ ಎಳೆದು ನಾಲಿಗೆಯಿಂದ ಮುಚ್ಚಿ. ಒಳಗಿನ ತಟ್ಟೆ ಸರಿದು ಅಲ್ಲೇ ನಿಲ್ಲಬೇಕು. ವಾಪಸ್ ಬಂದರೆ ಡಯಾಫ್ರಾಂ (ಒಳಗಿನ ಪೊರೆ) ಹರಿದಿದೆ, ಅರ್ಧ ಪೆಡಲಿನ ಓಟದಲ್ಲಿ ಮೈಲೇಜು ಅಲ್ಲೇ ಹೋಗುತ್ತಿದೆ. ಡೀಸೆಲ್‌ನವರು ಇಂಧನ ಚಿಮ್ಮಿಸುವ ನಾಝಲ್‌ಗಳನ್ನು ಟೆಸ್ಟರಿನಲ್ಲಿ ಹಾಕಿಸಿ ನಾಲ್ಕೂ ಒಂದೇ ಒತ್ತಡಕ್ಕೆ ತೆರೆಯುತ್ತವೆಯೇ, ತೊಟ್ಟಿಕ್ಕುತ್ತವೆಯೇ ನೋಡಿ. ಪಂಪಿನ ಸ್ಕ್ರೂ ಮುಟ್ಟುವುದು ಕೊನೆಗೆ. ಬಿಸಿಯಾದಾಗ ಮಾತ್ರ ಫ್ಯಾನನ್ನು ಜೋರಾಗಿ ತಿರುಗಿಸುವ ವಿಸ್ಕಸ್ ಕ್ಲಚ್ಚನ್ನು ಬೋಲ್ಟು ಹಾಕಿ ಬಿಗಿದವರು ಬೋಲ್ಟು ತೆಗೆದು ಹೊಸ ಕ್ಲಚ್ ಹಾಕಿಸಿ. ಇಂಧನದ ಕೊಳವೆಗೆ ಕಟ್ಟುವ ಆಯಸ್ಕಾಂತದ ಬಗ್ಗೆ ಚೀಟಿ ಬಂದಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ, ಮೈಲೇಜು ಏರಿಸಿದವು ತೀರಾ ವಿರಳ, ಏರಿಸಿದ್ದೂ ಅತ್ಯಲ್ಪ. ಕಟ್ಟಿಯೇ ಕಟ್ಟುತ್ತೇನೆ ಎನ್ನುವವರು 200 ಲೀಟರ್ ಕಟ್ಟದೆ, 200 ಲೀಟರ್ ಕಟ್ಟಿ ಅಳೆಯಿರಿ.

ಹೊರಗೆ ಜಾಕು, ಸ್ಟ್ಯಾಂಡು ಇಟ್ಟಿದ್ದೇವೆ, ಬ್ರೇಕಿನ ಪರೀಕ್ಷೆ ಮಾಡಿ ತೋರಿಸಬಹುದು. ಹಿಂದಿನ ಚಕ್ರ ಎತ್ತುವ ಮುಂಚೆ ಮುಂದಿನ ಎರಡೂ ಚಕ್ರಕ್ಕೆ ಅಡ್ಡಗಟ್ಟೆ ಕೊಡಿ. ಹಳೆಯ ಲ್ಯಾಂಡ್ ರೋವರಿನಂಥ ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಹಿಂದುಮುಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದಿನ ಶಾಫ್ಟನ್ನು. ಒಂದು ಹಿಂಚಕ್ರ ನೆಲ ಬಿಟ್ಟಿತೆಂದರೆ ಡಿಫರೆನ್ಷಿಯಲ್ ಮೂಲಕ ಇನ್ನೊಂದು ಉರುಳುತ್ತದೆ, ಗಾಡಿ ಜಾಕಿನಿಂದ ಇಳಿಯುತ್ತದೆ.