ಎಡಗಡೆ ಫ್ರೀ ಇದ್ದ ಹುಡುಗ

(ಬಳ್ಳಾರಿಯಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಆಮಂತ್ರಣದಲ್ಲಿ ನನ್ನ ವಿಷಯ 'ಕ್ರೀಡೆ ಮತ್ತು ಶ್ರದ್ಧೆ' ಅಂತ ಅಚ್ಚಾಗಿದೆ. ಅಷ್ಟು ದೊಡ್ಡದನ್ನು ಮುಕ್ಕಾಲು ಗಂಟೆಯಲ್ಲಿ ಮುಗಿಸೋಕೆ ಆಗಲ್ಲ. ಮೊನ್ನೆ ಮೈದಾನದಲ್ಲಿ ಒಬ್ಬ ಹುಡುಗ ಮೊಬೈಲ್ ತಂದು ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯದ ಒಂದು ಹಳೇ ವಿಡಿಯೋ ತೋರಿಸಿ, "ಸರ್, ತೋಳುಪಟ್ಟಿ ವಿಷಯದಲ್ಲಿ ಈ ಇಬ್ಬರು ಕ್ಯಾಪ್ಟನ್‌ಗಳು ಮಾಡಿದ್ದು ಸರಿನಾ, ತಪ್ಪಾ?" ಅಂತ ಕೇಳಿದ. ಅಲ್ಲಿ ನನಗೆ ಉತ್ತರ ಹೊಳೀಲಿಲ್ಲ. ಇವತ್ತು ಕೊಡ್ತೀನಿ. ಅವನೂ ಇಲ್ಲೇ ಹಿಂದೆ ಕೂತಿದ್ದಾನೆ.

ರಾತ್ರಿ ನಿದ್ದೆಗೆಟ್ಟು ಪ್ರೀಮಿಯರ್ ಲೀಗ್ ನೋಡೋರು ಈ ಸಭೆಯಲ್ಲಿ ಅರ್ಧಕ್ಕರ್ಧ ಇದ್ದೀರಿ, ಕಣ್ಣು ನೋಡಿದರೇ ಗೊತ್ತಾಗುತ್ತೆ. ಹಾಗಾಗಿ ಅಲ್ಲಿನ ಕ್ಯಾಪ್ಟನ್‌ಗಳು ಕಟ್ಟಿಕೊಳ್ತಿದ್ದ ಕಾಮನಬಿಲ್ಲಿನ ತೋಳುಪಟ್ಟಿ ಅಂದರೇನು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಸ್ಟೋನ್‌ವಾಲ್ ಅನ್ನೋ, ಸಲಿಂಗಿಗಳ ಹಕ್ಕಿಗಾಗಿ ದುಡಿಯೋ ಬ್ರಿಟನ್ನಿನ ಸಂಸ್ಥೆ 2013ರಲ್ಲಿ ಬಣ್ಣಬಣ್ಣದ ಶೂ ಲೇಸಿನಿಂದ ಶುರುಮಾಡಿದ ಅಭಿಯಾನ ಅದು. ಗಂಡನ್ನು ಪ್ರೀತಿಸೋ ಗಂಡಿಗೆ, ಹೆಣ್ಣನ್ನು ಪ್ರೀತಿಸೋ ಹೆಣ್ಣಿಗೆ ಈ ಆಟದಲ್ಲಿ ಜಾಗ ಇದೆ ಅಂತ ಹೇಳೋ ಗುರುತು.

2024ರ ಡಿಸೆಂಬರ್ 3. ಇಪ್ಸ್‌ವಿಚ್ ಮೈದಾನದಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಜೊತೆ ಪಂದ್ಯ. ಟಾಸಿಗೆ ಇಬ್ಬರು ಕ್ಯಾಪ್ಟನ್‌ಗಳು ಬಂದರು. ಇಪ್ಸ್‌ವಿಚ್‌ನ ಸ್ಯಾಮ್ ಮೊರ್ಸಿ ಮುಸ್ಲಿಂ, ಈಜಿಪ್ಟ್ ಪರ ಆಡಿದವರು. ಅವರ ತೋಳಲ್ಲಿ ಕಾಮನಬಿಲ್ಲು ಇರಲಿಲ್ಲ, ಮಾಮೂಲಿ ಪಟ್ಟಿ ಇತ್ತು. ಧಾರ್ಮಿಕ ನಂಬಿಕೆಯ ಕಾರಣಕ್ಕೆ ಅವರು ಕಟ್ಟಿಕೊಂಡಿಲ್ಲ, ಅವರ ನಿರ್ಧಾರವನ್ನು ಗೌರವಿಸ್ತೀವಿ ಅಂತ ಕ್ಲಬ್ಬೇ ಹೇಳಿತ್ತು. ಎದುರಿಗೆ ಪ್ಯಾಲೇಸ್‌ನ ಮಾರ್ಕ್ ಗೇಹಿ, ತಂದೆ ಚರ್ಚಿನಲ್ಲಿ ಪಾದ್ರಿ. ಅವರು ಬಣ್ಣದ ಪಟ್ಟಿ ಕಟ್ಟಿದ್ದರು, ಆದರೆ ಅದರ ಮೇಲೆ 'ಯೇಸು ನಿನ್ನನ್ನು ಪ್ರೀತಿಸುತ್ತಾನೆ' ಅಂತ ಬರೆದುಕೊಂಡಿದ್ದರು. ಅದಕ್ಕೂ ಮೂರು ದಿನ ಮುಂಚೆ 'ನಾನು ಯೇಸುವನ್ನು ಪ್ರೀತಿಸುತ್ತೇನೆ' ಅಂತ ಬರೆದಿದ್ದರು. ಕಿಟ್ ಮೇಲೆ ಧಾರ್ಮಿಕ ಘೋಷಣೆ ಇರಬಾರದು ಅಂತ ಆಟದ ನಿಯಮ ಇದೆ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಅದನ್ನು ನೆನಪಿಸಿತು, ಶಿಕ್ಷೆ ಕೊಡಲಿಲ್ಲ. ಇಬ್ಬರೂ ಕೈಕುಲುಕಿ ಆಡಿದರು. ಪ್ಯಾಲೇಸ್ ಒಂದು ಗೋಲಿನಿಂದ ಗೆದ್ದಿತು.

ಹುಡುಗ ಕೇಳಿದ್ದು ಇವರ ಬಗ್ಗೆ. ನಾನು ಪ್ರತಿ ಸೋಮವಾರ ಒಪ್ಪತ್ತು ಮಾಡೋನು, ಪೂಜೆ ಮಾಡದೆ ಮನೆ ಬಿಡೋನಲ್ಲ. ಹಾಗಾಗಿ ಮೊರ್ಸಿಯವರ ಸಂಕಟ ನನಗೆ ಅರ್ಥ ಆಗುತ್ತೆ. ಮನಸ್ಸು ಒಪ್ಪದ ಗುರುತನ್ನು ತೋಳಿಗೆ ಕಟ್ಟು ಅಂತ ಯಾರನ್ನೂ ಬಲವಂತ ಮಾಡಬಾರದು. ಆದರೆ ನನ್ನ ಚಿಂತೆ ತೋಳಿನದ್ದಲ್ಲ, ಕಾಲಿನದ್ದು. ನಿನ್ನ ತಂಡದಲ್ಲೇ ಒಬ್ಬ ಸಲಿಂಗಿ ಹುಡುಗ ಇದ್ದಾನೆ ಅಂದುಕೋ, ಎದುರಾಳಿ ಯಾರೂ ಅವನ ಹತ್ತಿರ ಇಲ್ಲ. ಅವನು ಫ್ರೀ ಇದ್ದಾಗ ಪಾಸ್ ಕೊಡ್ತೀಯೋ ಇಲ್ಲೋ? ಈ ಮಾತು ಇವತ್ತು ಮೂರ್ನಾಲ್ಕು ಸಲ ಬರುತ್ತೆ, ಸಹಿಸಿಕೊಳ್ಳಿ.

ಇದು ನನಗೆ ಎಲ್ಲಿಂದ ಬಂತು ಅಂತ ಹೇಳಿಬಿಡ್ತೀನಿ. ಮೂವತ್ತು ವರ್ಷದ ಹಿಂದಿನ ಮಾತು. ಸಂಜೆ ಹೊತ್ತು ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡ್ತಿದ್ದೆ. ಕೌಲ್ ಬಜಾರ್ ಹುಡುಗರು, ಕೋಟೆ ಕಡೆಯವರು, ಎಲ್ಲಾ ಜಾತಿ, ಎಲ್ಲಾ ಧರ್ಮ. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಬೈದಾಡಿಕೊಳ್ಳೋರು. ಮೂರರಲ್ಲೂ ಬೈಗುಳ ಕಲೀಬೇಕು ಅಂದರೆ ಬಳ್ಳಾರಿಯಲ್ಲೇ ಹುಟ್ಟಬೇಕು! ಅವರಲ್ಲಿ ಒಬ್ಬ ಎಡಗಾಲಿನ ಹುಡುಗ. ಗೆರೆ ಪಕ್ಕದಲ್ಲಿ ಓಡಿದ ಅಂದರೆ ಧೂಳು ಮಾತ್ರ ಕಾಣಿಸೋದು. ಅವನ ನಡಿಗೆ ಸ್ವಲ್ಪ ಮೃದು, ಮಾತು ಮೃದು. ಉಳಿದವರು ಅವನಿಗೆ ಒಂದು ಹೆಸರು ಇಟ್ಟಿದ್ದರು, ಅದನ್ನು ಈ ಮೈಕಿನಲ್ಲಿ ನಾನು ಹೇಳಲ್ಲ.

ಹೊಸಪೇಟೆಯಲ್ಲಿ ಒಂದು ಪಂದ್ಯ. ಎರಡನೇ ಅರ್ಧದಲ್ಲಿ ಮೂರು ಸಲ ಅವನು ಎಡಗಡೆ ಒಬ್ಬನೇ ನಿಂತಿದ್ದ, ಸುತ್ತ ಹತ್ತು ಮಾರು ಯಾರೂ ಇಲ್ಲ. ಕೈ ಎತ್ತಿದ, ಕೂಗಿದ. ಒಬ್ಬನೂ ಚೆಂಡು ಕೊಡಲಿಲ್ಲ. ಸೋತೆವು. ಬರೋ ಬಸ್ಸಿನಲ್ಲಿ ಕ್ಯಾಪ್ಟನ್ನನ್ನು ಕೇಳಿದೆ, "ಯಾಕಲೇ ಕೊಡಲಿಲ್ಲ?" ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬರೋ ಒಳ್ಳೇ ಹುಡುಗ ಅವನು. "ಸರ್, ಅಂಥೋರ ಜೊತೆ ಸೇರಿದ್ರೆ ದೇವ್ರು ಮೆಚ್ಚಲ್ಲ ಅಂತ ಮನ್ಯಾಗೆ ಹೇಳ್ಯಾರೆ" ಅಂದ. ನಾನು ಸುಮ್ಮನಾದೆ. ದೇವರ ಹೆಸರು ಬಂದ ಕೂಡಲೇ ಬಾಯಿ ಕಟ್ಟಿತು. ಆ ಸುಮ್ಮನಿದ್ದದ್ದು ನನ್ನ ತಪ್ಪು, ಇವತ್ತಿಗೂ ನನ್ನದೇ.

ಇನ್ನೊಂದು ಕಂಡದ್ದು ಹೇಳ್ತೀನಿ. ನಮ್ಮ ಗೋಲ್‌ಕೀಪರ್ ಮುಸ್ಲಿಂ ಹುಡುಗ, ಮಗ್ರಿಬ್ ನಮಾಜಿಗೆ ಅಂತ ಪ್ರಾಕ್ಟೀಸ್ ಬಿಟ್ಟು ಓಡೋನು. ಅವನೊಬ್ಬ ಮಾತ್ರ ಚೆಂಡು ಹಿಡಿದಾಗಲೆಲ್ಲ ಎಡಗಡೆಗೇ ಎಸೀತಿದ್ದ. "ನೀನ್ಯಾಕೋ ಅವನಿಗೇ ಕೊಡ್ತೀಯ?" ಅಂದರೆ, "ಅವ್ನು ಫ್ರೀ ಇರ್ತಾನಲ್ಲ ಸಾರ್" ಅಂದ. ಅಷ್ಟೇ. ಅವನ ನಂಬಿಕೆ ಕ್ಯಾಪ್ಟನ್ ನಂಬಿಕೆಗಿಂತ ಒಂದು ಗುಲಗಂಜಿಯೂ ಕಡಿಮೆ ಇರಲಿಲ್ಲ.

ಎಡಗಾಲಿನ ಹುಡುಗ ಮುಂದಿನ ವಾರ ಬರಲಿಲ್ಲ. ನಾನು ಕೊಡಿಸಿದ್ದ ಬೂಟನ್ನು ತೊಳೆದು, ಒಳಗೆ ಪೇಪರ್ ತುರುಕಿ, ಮನೆ ಬಾಗಿಲಲ್ಲಿ ಇಟ್ಟು ಹೋಗಿದ್ದ.

ಹಾಗಾಗಿ 'ಧರ್ಮಕ್ಕೂ ಸಲಿಂಗಿಗಳ ಹಕ್ಕಿಗೂ ಜಗಳ' ಅಂತ ಟಿವಿಯವರು ಎರಡು ಗೋಲ್‌ಪೋಸ್ಟ್ ನೆಟ್ಟಾಗ ನನಗೆ ಒಪ್ಪಿಗೆ ಆಗಲ್ಲ. ಎರಡೂ ಕಡೆ ಸೇರಿದವರು ಎಲ್ಲಿ ನಿಲ್ಲಬೇಕು? ಇಂಗ್ಲೆಂಡಿನ ಆಟಗಾರ ಜಸ್ಟಿನ್ ಫಶಾನು 1980ರಲ್ಲಿ ನಾರಿಚ್ ಪರ ಲಿವರ್‌ಪೂಲ್ ವಿರುದ್ಧ ಹೊಡೆದ ಗೋಲನ್ನು ಹುಡುಕಿ ನೋಡಿ. ಮರುವರ್ಷ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಅವರನ್ನು ಹತ್ತು ಲಕ್ಷ ಪೌಂಡಿಗೆ ಕೊಂಡಿತು, ಅಷ್ಟು ಬೆಲೆ ಪಡೆದ ಮೊದಲ ಕಪ್ಪು ಆಟಗಾರ. ಕ್ರಿಸ್ತನನ್ನು ಗಾಢವಾಗಿ ನಂಬಿದವರು. 1990ರಲ್ಲಿ ತಾನು ಸಲಿಂಗಿ ಅಂತ ಪತ್ರಿಕೆಯಲ್ಲಿ ಹೇಳಿಕೊಂಡರು. ಒಡಹುಟ್ಟಿದ ತಮ್ಮನೇ, ಅವರೂ ಆಟಗಾರರು, ಬಹಿರಂಗವಾಗಿ ಕೈಬಿಟ್ಟರು. ಆಮೇಲೆ ಪಶ್ಚಾತ್ತಾಪಪಟ್ಟರು. 1998ರಲ್ಲಿ ಫಶಾನು ಲಂಡನ್ನಿನಲ್ಲಿ ಪ್ರಾಣ ಕಳೆದುಕೊಂಡರು. ಆ ಹೊತ್ತಿಗೆ ಅಮೆರಿಕದಲ್ಲಿ ಅವರ ಮೇಲೆ ಒಂದು ಗಂಭೀರ ಆರೋಪವೂ ಇತ್ತು. ಹಾಗಾಗಿ ಆ ಸಾವಿಗೆ ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ ಅವರ ನಂತರ ಇಂಗ್ಲೆಂಡಿನಲ್ಲಿ ಇನ್ನೂ ಆಡ್ತಿರೋ ಮತ್ತೊಬ್ಬ ವೃತ್ತಿಪರ ಗಂಡು ಆಟಗಾರ ಹಾಗೆ ಹೇಳಿಕೊಳ್ಳೋಕೆ 2022 ಬರಬೇಕಾಯಿತು. ಬ್ಲ್ಯಾಕ್‌ಪೂಲ್‌ನ ಜೇಕ್ ಡೇನಿಯಲ್ಸ್, ಹದಿನೇಳು ವರ್ಷ. ಮೂವತ್ತೆರಡು ವರ್ಷ ಒಬ್ಬರೂ ಇರಲಿಲ್ಲವಾ? ಇದ್ದರು, ಬೂಟು ತೊಳೆದಿಟ್ಟು ಹೋಗಿರ್ತಾರೆ.

ಇನ್ನು ನಮ್ಮ ಕಡೆ ನೋಡಿ. ಹುಣ್ಣಿಮೆ ದಿನ ಮುನಿರಾಬಾದಿನಲ್ಲಿ ಇಳಿದು ಹುಲಿಗೆಮ್ಮನ ಗುಡಿಗೆ ಹೋಗಿದ್ದೀರಲ್ಲ? ದೇವಿಯ ಬುಟ್ಟಿ ಪಡ್ಡಲಗಿ ಹೊತ್ತ, ಗಂಡಾಗಿ ಹುಟ್ಟಿ ದೇವಿಗೆ ಮುಡಿಪಾಗಿ ಸೀರೆ ಉಡೋ ಜೋಗಪ್ಪಂದಿರಿಗೆ ನಮ್ಮ ಅವ್ವಂದಿರು ಕೈಮುಗಿದು ಭಂಡಾರ ಹಚ್ಚಿಸಿಕೊಳ್ತಾರೆ. ಜೋಗಪ್ಪಂದಿರ ಬದುಕು ಬೇರೆ, ಸಲಿಂಗಿಗಳದು ಬೇರೆ, ಎರಡನ್ನೂ ಕಲಸಬಾರದು, ಗೊತ್ತು. ನಾನು ಹೇಳೋದು ಇಷ್ಟೇ: ನಾವು ಹಾಕಿದ ಅಚ್ಚಿನಲ್ಲಿ ಕೂರದವರಿಗೆ ದೇವಿ ಜಾಗ ಕೊಟ್ಟಿದ್ದಾಳೆ. ಬಾಡಿಗೆ ಮನೆ ಕೊಡದೆ ಇರೋರು ನಾವು. ನಮ್ಮ ಜಿಲ್ಲೆಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಚಪ್ಪಾಳೆ ಹೊಡೆದೆವು. ಅದಕ್ಕೂ ಮುಂಚೆ ಎಷ್ಟು ವರ್ಷ ಆ ತಾಯಿ ಹಸಿವು, ಅವಮಾನ ಉಂಡರು?

ಚೀಟಿ ಬಂತು, ಹತ್ತು ನಿಮಿಷ ಅಂತೆ. ಫ್ರಾನ್ಸ್ ಬಗ್ಗೆ ಬೇಗ ಹೇಳ್ತೀನಿ. 2024ರ ಮೇ ತಿಂಗಳಲ್ಲಿ ಫ್ರೆಂಚ್ ಲೀಗಿನಲ್ಲಿ ಆಡೋ ಮೊನಾಕೊ ತಂಡದ ಮೊಹಮದ್ ಕಮಾರಾ ಜರ್ಸಿ ಮೇಲಿನ, ಸಲಿಂಗಿಗಳ ದ್ವೇಷ ಬೇಡ ಅನ್ನೋ ಗುರುತಿಗೆ ಟೇಪ್ ಅಂಟಿಸಿದರು. ನಾಲ್ಕು ಪಂದ್ಯ ನಿಷೇಧ. ನನ್ನ ಅಭಿಪ್ರಾಯ ಕೇಳಿದರೆ, ಕಟ್ಟದೆ ಇರೋದು ಬೇರೆ, ಎಲ್ಲರ ಅಂಗಿಯ ಮೇಲಿರೋದನ್ನು ಮುಚ್ಚೋದು ಬೇರೆ. ಮುಚ್ಚಿದ್ದು ನೋಡಿ ಒಬ್ಬ ಹುಡುಗ ಹೆದರಿರ್ತಾನೆ. ಆದರೆ ನಿಷೇಧದಿಂದ ಆ ಹುಡುಗನಿಗೆ ಧೈರ್ಯ ಬಂತಾ? ನನಗೆ ಹಾಗನ್ನಿಸಲ್ಲ. ಅವನು ಫ್ರೀ ಇದ್ದಾಗ ಪಾಸ್ ಬಂದರೆ ಧೈರ್ಯ ಬರುತ್ತೆ.

ಮ್ಯಾಂಚೆಸ್ಟರ್ ಯುನೈಟೆಡ್ ಸಂಗತಿ ಬಿಡೋಕೆ ಮನಸ್ಸಿಲ್ಲ. ಅದೇ 2024ರ ಡಿಸೆಂಬರ್. ಅಭಿಯಾನದ ಜಾಕೆಟ್ ತೊಡೋಕೆ ನುಸೈರ್ ಮಜ್ರಾವಿ ಧರ್ಮದ ಕಾರಣಕ್ಕೆ ಒಪ್ಪಲಿಲ್ಲ, ಅವರೊಬ್ಬರೇ ಎದ್ದು ಕಾಣಬಾರದು ಅಂತ ಇಡೀ ತಂಡ ಜಾಕೆಟ್ ಬಿಟ್ಟಿತು ಅಂತ ವರದಿಯಾಯಿತು. ಒಬ್ಬ ಒಂಟಿಯಾಗಬಾರದು ಅಂತ ಉಳಿದವರೆಲ್ಲ ಜೊತೆಗೆ ನಿಂತರು. ಇದನ್ನು ಓದಿದಾಗ ನನ್ನ ಕಣ್ಣು ತುಂಬಿತು ಕಣ್ರೀ. ಹೊಸಪೇಟೆಯಲ್ಲಿ ನನ್ನ ಹುಡುಗನಿಗೆ ಬೇಕಾಗಿದ್ದು ಅದೇ. ಅದನ್ನು ಅವನಿಗೆ ಯಾರು ಕೊಟ್ಟರು?

ಕತಾರಿನ ವಿಶ್ವಕಪ್, ಹಳದಿ ಕಾರ್ಡಿಗೆ ಹೆದರಿ ಯುರೋಪಿನ ಏಳು ತಂಡಗಳು ಪಟ್ಟಿ ಬಿಚ್ಚಿಟ್ಟದ್ದು, ನಮ್ಮ ಸುಪ್ರೀಂ ಕೋರ್ಟಿನ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂದ 2018ರ ಸೆಪ್ಟೆಂಬರ್ 6ರ 377ನೇ ಕಲಮಿನ ತೀರ್ಪು, ಇವನ್ನೆಲ್ಲ ಬರೆದುಕೊಂಡು ಬಂದಿದ್ದೆ. ಸಮಯ ಇಲ್ಲ. ತೋರಣಗಲ್ಲಿನ ಹತ್ತಿರ ಬೆಂಗಳೂರು ಎಫ್‌ಸಿಯ ಅಕಾಡೆಮಿ ಇದೆ, ನಿಮ್ಮಲ್ಲೂ ಯಾರಾದರೂ ನಾಳೆ ವೃತ್ತಿಪರರಾಗ್ತೀರಿ. ಆ ಡ್ರೆಸ್ಸಿಂಗ್ ರೂಮಿನಲ್ಲಿ ವಿಭೂತಿಯೂ ಇರುತ್ತೆ, ಟೋಪಿಯೂ ಇರುತ್ತೆ, ಶಿಲುಬೆಯೂ ಇರುತ್ತೆ, ಬಾಯಿಬಿಡದ ಒಬ್ಬ ಹುಡುಗನೂ ಇರಬಹುದು.

ಹಿಂದಿನ ಸಾಲಿನ ತಮ್ಮಾ, ನಿನಗೆ ಉತ್ತರ. ಮೊರ್ಸಿ ಕಟ್ಟದೆ ಇದ್ದದ್ದು ನನ್ನ ಲೆಕ್ಕದಲ್ಲಿ ತಪ್ಪಲ್ಲ. ಗೇಹಿ ಬರೆದದ್ದು ನಿಯಮಕ್ಕೆ ತಪ್ಪು, ಆದರೆ 'ನಿನ್ನನ್ನು ಪ್ರೀತಿಸುತ್ತಾನೆ' ಅಂತ ಆ ಪಟ್ಟಿಯ ಮೇಲೇ ಬರೆದರಲ್ಲ, ಆ 'ನೀನು' ಅನ್ನೋದರಲ್ಲಿ ಎಲ್ಲರೂ ಬಂದರು ಅಂತ ನಾನು ಓದಿಕೊಳ್ತೀನಿ. ತಲೆ ಅಲ್ಲಾಡಿಸ್ತಿದ್ದೀಯ, ಒಪ್ಪಿಗೆ ಆಗಲಿಲ್ಲ ಅಂತ ಕಾಣುತ್ತೆ. ಮೈಕ್ ಹಿಂದಕ್ಕೆ ಕೊಡ್ರಿ, ಅವನು ಮಾತಾಡಲಿ.