ಕದನವಿರಾಮದ ಆಮೇಲೆ ಸಿಡಿಯುವ ಬಾಂಬ್‌ಗಳು

[ದೃಶ್ಯ: ಮಣ್ಣಲ್ಲಿ ಅರ್ಧ ಹೂತ ಒಂದು ಲೋಹದ ಉಂಡೆ. ಕ್ಯಾಮೆರಾ ನಿಧಾನಕ್ಕೆ ಹತ್ತಿರ]

ಇದನ್ನು ನೋಡಿ. ಟೆನಿಸ್ ಬಾಲ್‌ನಷ್ಟು ಗಾತ್ರ. ತುಕ್ಕು ಹಿಡಿದಿದೆ, ಮಣ್ಣು ಮೆತ್ತಿದೆ. ಮಕ್ಕಳು ನೋಡಿದರೆ ಚೆಂಡು ಅಂತಲೇ ಎತ್ತಿಕೊಳ್ಳುತ್ತಾರೆ. ಲಾವೋಸ್‌ನಲ್ಲಿ ಇದನ್ನು ‘ಬಾಂಬಿ’ ಅಂತಾರೆ. ಹೆಸರೇನೋ ಮುದ್ದಾಗಿದೆ, ಅಲ್ವಾ? ಒಳಗಿರುವುದು ಸ್ಫೋಟಕ. ಅದರ ಸುತ್ತ ನೂರಾರು ಉಕ್ಕಿನ ಗುಂಡುಗಳು.

ನಮಸ್ಕಾರ. ಯುದ್ಧ ಅಂದ ಕೂಡಲೇ ಎಷ್ಟು ಜನ ಸತ್ತರು ಅಂತ ಕೇಳುತ್ತೇವೆ. ಕದನವಿರಾಮ ಆಯಿತು ಅಂದರೆ ಆ ಲೆಕ್ಕ ಮುಗಿಯಿತು ಅಂದುಕೊಳ್ಳುತ್ತೇವೆ. ಇವತ್ತು ಮಾತಾಡೋದು ಅದರ ಆಮೇಲಿನ ಲೆಕ್ಕದ ಬಗ್ಗೆ.

[ದೃಶ್ಯ: ಲಾವೋಸ್ ನಕ್ಷೆ]

1964ರಿಂದ 1973ರವರೆಗೆ ಅಮೆರಿಕ ಲಾವೋಸ್ ಮೇಲೆ 20 ಲಕ್ಷ ಟನ್‌ಗೂ ಜಾಸ್ತಿ ಬಾಂಬ್ ಸುರಿಯಿತು. ಅದರಲ್ಲಿ ಕ್ಲಸ್ಟರ್ ಬಾಂಬ್‌ಗಳದ್ದೇ ದೊಡ್ಡ ತಲೆನೋವು. ಒಂದು ದೊಡ್ಡ ಕವಚ ಆಕಾಶದಲ್ಲೇ ಬಿಚ್ಚಿಕೊಳ್ಳುತ್ತದೆ. ಒಳಗಿಂದ ನೂರಾರು ಬಾಂಬಿಗಳು ಚೆಲ್ಲಾಡುತ್ತವೆ. ಬೀಳುತ್ತಾ ಗಿರಗಿರ ತಿರುಗುತ್ತವೆ. ಹಾಗೆ ತಿರುಗಿದಾಗಲೇ ಸಿಡಿಯಲು ಸಜ್ಜಾಗುವುದು. ನೆಲಕ್ಕೆ ಬಡಿದರೆ ಢಮಾರ್. ಬಿದ್ದದ್ದು ಕೆಸರುಗದ್ದೆಗಾದರೆ? ಎಷ್ಟೋ ಸಲ ಸಿಡಿಯುವುದೇ ಇಲ್ಲ. ಸುಮ್ನೆ ಹೂತುಕೊಳ್ಳುತ್ತವೆ.

ಹೀಗೆ ಬಿದ್ದ ಬಾಂಬಿಗಳು ಸುಮಾರು 27 ಕೋಟಿ. ನೂರಕ್ಕೆ 30ರವರೆಗೂ ಸಿಡಿಯಲಿಲ್ಲ ಅನ್ನುವುದು ಅಂದಾಜು. ಅಂದರೆ ಹತ್ತಿರ ಹತ್ತಿರ 8 ಕೋಟಿ.

ಈಗ ಅದೇ ಗದ್ದೆಯಲ್ಲಿ ನೀವು ಗುದ್ದಲಿ ಹಿಡಿದಿದ್ದೀರಿ ಅಂದುಕೊಳ್ಳಿ. ಎಷ್ಟು ಆಳಕ್ಕೆ ಅಗೆಯುತ್ತೀರಿ? ಅಗೆಯುವುದೇ ಬೇಡ, ಬೆಂಕಿ ಹಚ್ಚಿದರೂ ಸಾಕು. ಅಡುಗೆಗೆ ಅಂತ ಹಚ್ಚಿದ ಬೆಂಕಿಯ ಕಾವು ಕೆಳಗಿನ ಬಾಂಬಿಗೆ ತಗುಲಿ ಮನೆಮಂದಿಯೆಲ್ಲ ಗಾಯಗೊಂಡದ್ದಿದೆ. ಗುಜರಿಗೆ ಹಾಕಿದರೆ ನಾಲ್ಕು ಕಾಸು ಸಿಗುತ್ತದೆ ಅಂತ ಎತ್ತಿಕೊಂಡವರೂ ಇದ್ದಾರೆ. ದಾಳಿ ನಿಂತ ಮೇಲೆ ಸತ್ತವರು, ಗಾಯಗೊಂಡವರು ಸೇರಿ 20,000ಕ್ಕೂ ಹೆಚ್ಚು. ಮಕ್ಕಳೂ ಬಹಳ.

ತೆಗೆದುಹಾಕಬಹುದಲ್ಲ ಅಂತೀರಾ? ತೆಗೆಯುತ್ತಿದ್ದಾರೆ. ಹಗ್ಗ ಕಟ್ಟಿ ಪಟ್ಟಿ ಪಟ್ಟಿಯಾಗಿ ನೆಲ ಅಳೆದು, ಡಿಟೆಕ್ಟರ್ ಹಿಡಿದು ಹೆಜ್ಜೆ ಹೆಜ್ಜೆ ಹೋಗಬೇಕು. ಆ ಯಂತ್ರ ಮೊಳೆ ಸಿಕ್ಕರೂ ಕೂಗುತ್ತದೆ. ಕೂಗಿದಲ್ಲೆಲ್ಲ ಕೂತು, ಮೆಲ್ಲಗೆ ಮಣ್ಣು ಕೆದಕಬೇಕು. ಎರಚಲು ಒಂದು ಗಳಿಗೆ, ಹೆಕ್ಕಲು ತಲೆಮಾರುಗಳು.

[ದೃಶ್ಯ: ಫ್ರಾನ್ಸಿನ ಹೊಲದ ಬದಿ, ತುಕ್ಕು ಹಿಡಿದ ಶೆಲ್‌ಗಳು]

ಲಾವೋಸ್ ಒಂದರ ಕಥೆ ಅಲ್ಲ ಇದು. ಫ್ರಾನ್ಸಿನ ವರ್ಡನ್‌ನಲ್ಲಿ ಕಾಳಗ ನಡೆದದ್ದು 1916ರಲ್ಲಿ. ಆ ಕಡೆ ಉಳುವಾಗ ಇವತ್ತಿಗೂ ಶೆಲ್‌ಗಳು ಮೇಲೆ ಬರುತ್ತವೆ. ಅದಕ್ಕೆ ಅಲ್ಲಿಯವರು ಇಟ್ಟ ಹೆಸರು ‘ಕಬ್ಬಿಣದ ಸುಗ್ಗಿ’. ಹತ್ತಿರದ ಕಾಡಿನಲ್ಲಿ ವಿಷಾನಿಲದ ಶೆಲ್‌ಗಳನ್ನು ಸುಟ್ಟ ಒಂದು ಜಾಗ ಇದೆ. ಮಣ್ಣಲ್ಲಿ ಆರ್ಸೆನಿಕ್ ಎಷ್ಟಿದೆ ಅಂದರೆ, ನೂರು ವರ್ಷ ಆಗುತ್ತಾ ಬಂದರೂ ಅಲ್ಲಿ ಹುಲ್ಲು ಕೂಡ ಸರಿಯಾಗಿ ಹುಟ್ಟಿಲ್ಲ.

ವಿಯೆಟ್ನಾಂನಲ್ಲಿ ಬೇರೆ ಥರ. ಶತ್ರು ಅಡಗಲು ಮರ ಇರಬಾರದು ಅಂತ ಅಮೆರಿಕ ಕಾಡಿನ ಮೇಲೆ ಕಳೆನಾಶಕ ಸಿಂಪಡಿಸಿತು. ‘ಏಜೆಂಟ್ ಆರೆಂಜ್’ ಹೆಸರು ಕೇಳಿರುತ್ತೀರಿ. ಅದರಲ್ಲಿದ್ದ ಡಯಾಕ್ಸಿನ್ ಸುಲಭಕ್ಕೆ ಕರಗುವ ವಿಷ ಅಲ್ಲ. ಅದರ ಡ್ರಮ್‌ಗಳನ್ನು ಇಟ್ಟಿದ್ದ ಡಾ ನಾಂಗ್ ವಿಮಾನನಿಲ್ದಾಣದಲ್ಲಿ ಕೊನೆಗೆ ಮಣ್ಣನ್ನೇ ಅಗೆದು ರಾಶಿ ಹಾಕಿ, 300 ಡಿಗ್ರಿಗಿಂತ ಜಾಸ್ತಿ ಶಾಖದಲ್ಲಿ ಕಾಯಿಸಬೇಕಾಯಿತು. ಹೆಚ್ಚುಕಡಿಮೆ ಮಣ್ಣು ಹುರಿದ ಹಾಗೆ. ಆ ಕೆಲಸ ಮುಗಿದದ್ದು 2018ರಲ್ಲಿ. ಅದೂ ಒಂದು ನಿಲ್ದಾಣದ್ದು ಮಾತ್ರ.

[ದೃಶ್ಯ: ಉಕ್ರೇನಿನ ಗೋಧಿ ಹೊಲ]

ಕ್ಲಸ್ಟರ್ ಬಾಂಬ್ ಬೇಡ ಅಂತ 2008ರಲ್ಲಿ ಒಪ್ಪಂದ ಆಯಿತು. 100ಕ್ಕೂ ಹೆಚ್ಚು ದೇಶ ಸೇರಿದವು. ಅಮೆರಿಕ, ರಷ್ಯಾ, ಉಕ್ರೇನ್ ಸೇರಲಿಲ್ಲ. 2022ರಿಂದ ಉಕ್ರೇನಿನ ನೆಲದ ಮೇಲೆ ರಷ್ಯಾ ಇವನ್ನು ಹಾಕುತ್ತಿದೆ, ಉಕ್ರೇನೂ ಹಾಕಿದೆ. 2023ರಲ್ಲಿ ಅಮೆರಿಕ ತನ್ನ ದಾಸ್ತಾನಿನಿಂದ ಉಕ್ರೇನಿಗೆ ಇನ್ನಷ್ಟು ಕಳಿಸಿತು. ಅಲ್ಲಿಯದು ಒಳ್ಳೆ ಗೋಧಿ ಬೆಳೆಯುವ ಕಪ್ಪು ಮಣ್ಣು. ಹಿಮ ಕರಗುವ ಕಾಲಕ್ಕೆ ಟ್ಯಾಂಕೇ ಹೂತುಹೋಗುವಷ್ಟು ಕೆಸರು.